ತುಮಕೂರಿನ ಸರ್ವರ್ ಕೋಣೆಗೆ ಅಷ್ಟಾಗಿ ಹೆಸರು ಕೇಳದ ಮೂರು ಸ್ವಿಚ್‌ಗಳು

ಸರ್ವರ್‌ಗಳ ನಡುವೆ ಡೇಟಾ ದಾಟಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಅದನ್ನು ಕೊಳ್ಳುವ ಮುನ್ನ ಒಂದು ಲೆಕ್ಕ ಹಾಕಬೇಕು. ಫೈಬರ್‌ನಲ್ಲಿ ಬೆಳಕು ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಲು 350, ಬರಲು 350, ಒಟ್ಟು 700 ಮೈಕ್ರೋಸೆಕೆಂಡ್. ಫೈಬರ್ ಸುತ್ತಿ ಬಳಸಿ ಹೋಗುವುದರಿಂದ ನಿಜಕ್ಕೂ ಇನ್ನೂ ಜಾಸ್ತಿ. ಬಳಕೆದಾರರು ಬೆಂಗಳೂರಿನಲ್ಲಿದ್ದು ಸರ್ವರ್ ತುಮಕೂರಿನ ವಸಂತನರಸಾಪುರದಲ್ಲಿದ್ದರೆ, ಸ್ವಿಚ್‌ನಲ್ಲಿ ಅರ್ಧ ಮೈಕ್ರೋಸೆಕೆಂಡ್ ಉಳಿಸಿದ್ದು ಯಾರ ಅರಿವಿಗೂ ಬರುವುದಿಲ್ಲ. ರ್‍ಯಾಕಿನೊಳಗೇ (ಸರ್ವರ್‌ಗಳನ್ನು ಜೋಡಿಸಿಡುವ ಕಪಾಟಿನೊಳಗೇ) ಓಡಾಡುವ ಟ್ರಾಫಿಕ್‌ಗೆ, ಅಂದರೆ ಸ್ಟೋರೇಜ್, ಡೇಟಾಬೇಸ್ ಕ್ಲಸ್ಟರ್, ಜಿಪಿಯು ಸರ್ವರ್‌ಗಳ ನಡುವಿನ ಮಾತುಕತೆಗೆ ಮಾತ್ರ ಈ ಖರ್ಚು ಸಾರ್ಥಕ. ಆ ಕೆಲಸಕ್ಕಾಗಿ ಇಲ್ಲಿ ತೂಗಿ ನೋಡಿರುವುದು ಮೂರು: ಮೆಲನಾಕ್ಸ್ ಎಸ್‌ಎನ್2010, ಎಡ್ಜ್‌ಕೋರ್ ಎಎಸ್7326-56ಎಕ್ಸ್, ಮೈಕ್ರೋಟಿಕ್ ಸಿಆರ್‌ಎಸ್518.

ಹತ್ತು ಹನ್ನೆರಡು ಸರ್ವರ್‌ಗಳ ಒಂದೇ ರ್‍ಯಾಕ್ ಇದ್ದರೆ ನಮ್ಮ ಮೊದಲ ಆಯ್ಕೆ ಎಸ್‌ಎನ್2010. ಮೆಲನಾಕ್ಸ್ 2020ರಲ್ಲಿ ಎನ್‌ವಿಡಿಯಾದ ಪಾಲಾಯಿತು, ಹಾಗಾಗಿ ಈಗ ಎನ್‌ವಿಡಿಯಾ ಹೆಸರಲ್ಲೇ ಹುಡುಕಬೇಕು. 25ಜಿಯ (ಸೆಕೆಂಡಿಗೆ 25 ಗಿಗಾಬಿಟ್ ವೇಗದ) 18 ಪೋರ್ಟ್, 100ಜಿಯ 4 ಪೋರ್ಟ್. ಅರ್ಧ ಅಗಲದ ಪೆಟ್ಟಿಗೆಯಾದ್ದರಿಂದ 1 ಯೂನಿಟ್ (ರ್‍ಯಾಕಿನ ಒಂದು ಅಂತಸ್ತಿನ) ಜಾಗದಲ್ಲೇ ಎರಡನ್ನು ಪಕ್ಕಪಕ್ಕ ಕೂರಿಸಬಹುದು. ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಸುಮಾರು 300 ನ್ಯಾನೊಸೆಕೆಂಡ್ ಎಂದು ಕಂಪನಿ ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬಫರ್, ಅಂದರೆ ಸರದಿ ಕಾಯುವ ಪ್ಯಾಕೆಟ್‌ಗಳು (ಡೇಟಾದ ತುಣುಕುಗಳು) ತಂಗುವ ಮೆಮೊರಿ: ಇದರ 16 ಎಂಬಿಯನ್ನು ಎಲ್ಲ ಪೋರ್ಟ್‌ಗಳೂ ಹಂಚಿಕೊಳ್ಳುತ್ತವೆ. ಬ್ರಾಡ್‌ಕಾಮ್‌ನ ಮೊದಲ ಟೊಮಾಹಾಕ್ ಚಿಪ್‌ನಲ್ಲೂ ಇರುವುದು 16 ಎಂಬಿಯೇ, ಆದರೆ ಅದು 4 ಎಂಬಿಯ ನಾಲ್ಕು ತುಂಡು. ಒಂದು ತುಂಡು ತುಂಬಿದರೆ ಪಕ್ಕದ್ದು ಖಾಲಿ ಇದ್ದರೂ ಪ್ಯಾಕೆಟ್ ಬಿದ್ದುಹೋಗುತ್ತದೆ. ಕ್ಯಾಟಲಾಗಿನಲ್ಲಿ ಎರಡೂ ಒಂದೇ ಅಂಕಿ, ಕೆಲಸದಲ್ಲಿ ಅಜಗಜಾಂತರ.

ಎಸ್‌ಎನ್2010ರ ಕೊರತೆಯೂ ಗೊತ್ತಿರಲಿ. ಪವರ್ ಸಪ್ಲೈ ಎರಡಿದ್ದರೂ ಅವು ಒಳಗೇ ಕೂತಿವೆ, ಫ್ಯಾನ್ ಕೂಡ ಹಾಗೆಯೇ. ಒಂದು ಕೆಟ್ಟರೆ ಇಡೀ ಸ್ವಿಚ್ ಕಳಚಬೇಕು. ಆದ್ದರಿಂದ ಒಂದನ್ನೇ ಕೊಳ್ಳಬೇಡಿ. ಎರಡು ತಂದು ಎಂಲ್ಯಾಗ್ ಮಾಡಿ (ಎರಡೂ ಸೇರಿ ಸರ್ವರ್‌ಗೆ ಒಂದೇ ಸ್ವಿಚ್‌ನಂತೆ ಕಾಣುವ ಜೋಡಣೆ), ಪ್ರತಿ ಸರ್ವರ್‌ನಿಂದ ಎರಡಕ್ಕೂ ಒಂದೊಂದು ಕೇಬಲ್ ಎಳೆಯಿರಿ.

ಸರ್ವರ್ ಸಂಖ್ಯೆ ಇಪ್ಪತ್ತು ದಾಟಿದರೆ ಎಡ್ಜ್‌ಕೋರ್ ನೋಡಿ. ತೈವಾನಿನ ಆಕ್ಟನ್‌ನ ಅಂಗಸಂಸ್ಥೆ ಇದು. ಎಎಸ್7326-56ಎಕ್ಸ್‌ನಲ್ಲಿ 25ಜಿಯ 48, 100ಜಿಯ 8 ಪೋರ್ಟ್, ಟ್ರೈಡೆಂಟ್ 3 ಚಿಪ್, 32 ಎಂಬಿ ಬಫರ್. ವಿಳಂಬದಲ್ಲಿ ಎಸ್‌ಎನ್2010ಕ್ಕಿಂತ ಹಿಂದೆ, ಆದರೆ ಒಮ್ಮೆಗೇ ನುಗ್ಗುವ ಟ್ರಾಫಿಕ್ಕನ್ನು ತಡೆದುಕೊಳ್ಳುವುದರಲ್ಲಿ ಮುಂದೆ. ಎಡವುವ ಜಾಗ ಒಂದಿದೆ: ಇದರ 25ಜಿ ಪೋರ್ಟ್‌ಗಳು ನಾಲ್ಕರ ಗುಂಪಿನಲ್ಲಿವೆ, ಒಂದು ಗುಂಪಿನ ನಾಲ್ಕೂ ಒಂದೇ ವೇಗದಲ್ಲಿರಬೇಕು. ಗುಂಪುಗಳು ಸಾಲಾಗಿಯೂ ಇಲ್ಲ. 1, 2, 3, 6 ಒಂದು ಗುಂಪು. 4, 5, 7, 9 ಇನ್ನೊಂದು. 5ನೇ ಪೋರ್ಟಿಗೆ ಹಳೆಯ 10ಜಿ ಸರ್ವರ್ ಸಿಕ್ಕಿಸಿ, 4ರಲ್ಲಿ 25ಜಿ ಇಟ್ಟರೆ ಲಿಂಕ್ ಏಳುವುದಿಲ್ಲ. ಕೇಬಲ್ ಕೆಟ್ಟಿದೆ ಎಂದುಕೊಂಡು ಅರ್ಧ ದಿನ ಕಳೆಯುವುದು ಇಲ್ಲೇ. ಗುಂಪಿನ ಪಟ್ಟಿಯನ್ನು ಮುದ್ರಿಸಿ ರ್‍ಯಾಕ್ ಬಾಗಿಲಿಗೆ ಅಂಟಿಸಿಬಿಡಿ. ಸಾಫ್ಟ್‌ವೇರ್‌ಗೆ ಸೋನಿಕ್ ಎಂಬ ಮುಕ್ತ ಸ್ವಿಚ್ ಆಪರೇಟಿಂಗ್ ಸಿಸ್ಟಂ ಇದೆ. ಅಂಥದೇ ಇನ್ನೊಂದು ಸಿಸ್ಟಂ ಆದ ಕ್ಯುಮುಲಸ್‌ನ 5ನೇ ಸರಣಿ ಎನ್‌ವಿಡಿಯಾ ಚಿಪ್‌ಗಳಿಗೆ ಮಾತ್ರ, ಅದನ್ನು ನೆಚ್ಚಿಕೊಂಡು ಎಡ್ಜ್‌ಕೋರ್ ತರಬೇಡಿ. ಸಮುದಾಯದ ಸೋನಿಕ್ ಉಚಿತ, ಆದರೆ ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಇರುವುದಿಲ್ಲ. ಲಿನಕ್ಸ್ ಚೆನ್ನಾಗಿ ಬಲ್ಲ ಒಬ್ಬರಾದರೂ ಊರಲ್ಲೇ ಇರಬೇಕು.

ಮೈಕ್ರೋಟಿಕ್ ಸಿಆರ್‌ಎಸ್518ರಲ್ಲಿ 25ಜಿಯ 16, 100ಜಿಯ 2 ಪೋರ್ಟ್. ಬೆಲೆಯಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಬ್ಯಾಕಪ್ ಜಾಲಕ್ಕೆ, ಕಲಿಯುವ ಲ್ಯಾಬ್‌ಗೆ ಧಾರಾಳವಾಗಿ ಹಾಕಿ. ಆದರೆ ಸಿಪಿಯು ಬಹಳ ಪುಟ್ಟದು. ಚಿಪ್‌ನಲ್ಲೇ ಮುಗಿಯಬೇಕಾದ ಕೆಲಸ ತಪ್ಪು ಬ್ರಿಡ್ಜ್ (ಪೋರ್ಟ್‌ಗಳನ್ನು ಒಂದೇ ಜಾಲವಾಗಿ ಬೆಸೆಯುವ) ಸೆಟ್ಟಿಂಗ್‌ನಿಂದ ಸಿಪಿಯುಗೆ ಹತ್ತಿದರೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಮುಖ್ಯ ಸ್ಟೋರೇಜ್ ಜಾಲವನ್ನು ಇದರ ಮೇಲೆ ನಿಲ್ಲಿಸುವ ಸಲಹೆ ನಾವು ಕೊಡುವುದಿಲ್ಲ.

ಯಾವುದನ್ನೇ ತಂದರೂ ಕ್ಯಾಟಲಾಗಿನ ಅಂಕಿ ಸಿಗುವುದು ಕಟ್-ಥ್ರೂ, ಅಂದರೆ ಪ್ಯಾಕೆಟ್ ಪೂರ್ತಿ ಬರುವ ಮೊದಲೇ ಮುಂದಕ್ಕೆ ಕಳಿಸುವ ಕ್ರಮ, ನಡೆದಾಗ ಮಾತ್ರ. 25ಜಿ ಪೋರ್ಟಿನಿಂದ ಬಂದದ್ದು 100ಜಿ ಪೋರ್ಟಿಗೆ ಹೋಗುವಾಗ ಸ್ವಿಚ್ ಇಡೀ ಪ್ಯಾಕೆಟ್ ಬರುವವರೆಗೆ ಕಾಯಲೇಬೇಕು, ಇಲ್ಲವಾದರೆ ಹೊರಗೆ ಕಳಿಸುವಾಗ ನಡುವೆ ಬಿಟ್‌ಗಳೇ ಇರುವುದಿಲ್ಲ. 1500 ಬೈಟ್‌ಗೆ ಈ ಕಾಯುವಿಕೆ 480 ನ್ಯಾನೊಸೆಕೆಂಡ್. 9000 ಬೈಟ್‌ನ ಜಂಬೋ ಪ್ಯಾಕೆಟ್ ಆದರೆ 2.88 ಮೈಕ್ರೋಸೆಕೆಂಡ್. ಒಟ್ಟೊಟ್ಟಿಗೆ ಮಾತಾಡುವ ಸರ್ವರ್‌ಗಳನ್ನು ಒಂದೇ ಸ್ವಿಚ್‌ನಲ್ಲಿ, ಒಂದೇ ವೇಗದಲ್ಲಿ ಇಡಿ.

ಇನ್ನೊಂದು ಗುಪ್ತ ವೆಚ್ಚ ಫೆಕ್, ಅಂದರೆ ಕೇಬಲ್‌ನಲ್ಲಾಗುವ ತಪ್ಪುಗಳನ್ನು ತಾನೇ ತಿದ್ದುವ ವ್ಯವಸ್ಥೆ. 25ಜಿಯಲ್ಲಿ ಆರ್‌ಎಸ್-ಫೆಕ್ ಸುಮಾರು 250 ನ್ಯಾನೊಸೆಕೆಂಡ್ ಸೇರಿಸುತ್ತದೆ, ಬೇಸ್-ಆರ್ ಫೆಕ್ ಸುಮಾರು 80. ಅಂದರೆ ಕೇಬಲ್ ಆಯ್ಕೆ ತಪ್ಪಿದರೆ 300ರ ಸ್ವಿಚ್ 550ರದ್ದಾಗುತ್ತದೆ. 'ಸಿಎ-25ಜಿ-ಎನ್' ದರ್ಜೆಯ 3 ಮೀಟರ್ ಒಳಗಿನ ಡ್ಯಾಕ್ (ಎರಡೂ ತುದಿಯಲ್ಲಿ ಪ್ಲಗ್ ಕೂಡಿಯೇ ಬರುವ ತಾಮ್ರದ) ಕೇಬಲ್‌ಗೆ ಫೆಕ್ ಬೇಕಿಲ್ಲ. ಕೇಬಲ್ ತರಿಸುವಾಗ ಈ ಹೆಸರನ್ನು ಕೇಳಿ ಬರೆಸಿಕೊಳ್ಳಿ. ಎರಡೂ ತುದಿಯಲ್ಲಿ ಫೆಕ್ ಸೆಟ್ಟಿಂಗ್ ಒಂದೇ ಇರಬೇಕು, ಒಂದು ಕಡೆ ಆಟೋ ಬಿಟ್ಟರೆ ಲಿಂಕ್ ಏಳದೇ ಇರಬಹುದು. ತಾಮ್ರದ 10ಜಿ ಆರ್‌ಜೆ45 ಮಾಡ್ಯೂಲ್‌ಗಳ ಗೊಡವೆಗೆ ಹೋಗಲೇಬೇಡಿ, ಒಂದೊಂದೂ ಮೈಕ್ರೋಸೆಕೆಂಡ್‌ಗಟ್ಟಲೆ ತಿನ್ನುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎರಡು ಸರ್ವರ್‌ಗಳ ಬಯೋಸ್‌ನಲ್ಲಿ ಆಳದ ಸಿ-ಸ್ಟೇಟ್‌ಗಳನ್ನು (ಸಿಪಿಯು ನಿದ್ದೆಗೆ ಜಾರುವ ಸ್ಥಿತಿಗಳನ್ನು) ಆಫ್ ಮಾಡಿ, ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್ ಕೋಅಲೆಸಿಂಗ್ (ಪ್ಯಾಕೆಟ್ ಬಂದ ಸೂಚನೆಗಳನ್ನು ಒಟ್ಟುಗೂಡಿಸಿ ತಡವಾಗಿ ಕೊಡುವುದು) ತೆಗೆಯಿರಿ. ಮೊದಲು ನೇರವಾಗಿ ಒಂದು ಡ್ಯಾಕ್‌ನಿಂದ ಜೋಡಿಸಿ ವಿಳಂಬ ಅಳೆಯುವ ಸಾಕ್‌ಪರ್ಫ್ ತಂತ್ರಾಂಶದ ಪಿಂಗ್-ಪಾಂಗ್ ಓಡಿಸಿ, ಆಮೇಲೆ ಸ್ವಿಚ್ ಮೂಲಕ. ವ್ಯತ್ಯಾಸವೇ ಸ್ವಿಚ್‌ನ ಪಾಲು. ಸರಾಸರಿ ಬಿಟ್ಟು 99.9 ಪರ್ಸೆಂಟೈಲ್ (ಸಾವಿರದಲ್ಲಿ 999 ಪ್ಯಾಕೆಟ್ ಇದರೊಳಗೆ ಮುಗಿಯುವ ಸಮಯ) ನೋಡಿ. ಅದು ನಡೆಯುತ್ತಿರುವಾಗಲೇ ಇತರ ಆರೇಳು ಸರ್ವರ್‌ಗಳಿಂದ ಒಂದೇ ಸರ್ವರ್‌ಗೆ ಐಪರ್ಫ್ ತಂತ್ರಾಂಶದಿಂದ ಡೇಟಾ ಹರಿಸಿ. ಬಫರ್ ಬಣ್ಣ ಬಯಲಾಗುವುದು ಆಗ. 16 ಎಂಬಿ ತುಂಬಿದ ಸಾಲು 25ಜಿ ಪೋರ್ಟಿನಿಂದ ಖಾಲಿಯಾಗಲು 5 ಮಿಲಿಸೆಕೆಂಡ್‌ಗೂ ಹೆಚ್ಚು ಬೇಕು. ಅದರ ಮುಂದೆ 300 ನ್ಯಾನೊಸೆಕೆಂಡ್ ಏನೂ ಅಲ್ಲ. ಇಸಿಎನ್ (ಸಾಲು ಬೆಳೆದಾಗ ಕಳಿಸುವವರಿಗೆ ನಿಧಾನಿಸುವಂತೆ ಹೇಳುವ ಗುರುತು) ಹಾಕಿ ಸಾಲನ್ನು ಗಿಡ್ಡ ಇಡುವುದೇ ಇದಕ್ಕೆ ಮದ್ದು.

ಇನ್ನು ನಮ್ಮ ಸೀಮೆಯ ತೊಂದರೆಗಳು. ಸ್ವಿಚ್‌ನ ಗಾಳಿ ಹರಿವಿಗೆ ಎರಡು ದಿಕ್ಕಿನ ಮಾದರಿಗಳಿವೆ: ಪೋರ್ಟಿನಿಂದ ಪವರ್ ಕಡೆಗೆ, ಪವರ್‌ನಿಂದ ಪೋರ್ಟ್ ಕಡೆಗೆ. ಸರ್ವರ್‌ಗಳ ಪೋರ್ಟ್ ಹಿಂದುಗಡೆ ಇರುವುದರಿಂದ ಸ್ವಿಚ್‌ನ ಪೋರ್ಟನ್ನೂ ಹಿಂದಕ್ಕೆ ತಿರುಗಿಸುತ್ತೇವೆ. ಹಾಗಿದ್ದರೆ ಪವರ್‌ನಿಂದ ಪೋರ್ಟ್ ಕಡೆಗೆ ಊದುವ ಮಾದರಿಯೇ ಬೇಕು. ತಪ್ಪಿದರೆ ಸರ್ವರ್‌ಗಳು ಉಗುಳಿದ ಬಿಸಿಗಾಳಿಯನ್ನೇ ಸ್ವಿಚ್ ಎಳೆದುಕೊಳ್ಳುತ್ತದೆ. ಬೆಸ್ಕಾಂ ಕರೆಂಟ್ ಹೋದಾಗ ಸ್ವಿಚ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ, ಎಸಿ ನಿಂತಿರುತ್ತದೆ; ಪಾವಗಡ ಕಡೆಯ ಏಪ್ರಿಲ್ ಬಿಸಿಲಲ್ಲಿ ಸಣ್ಣ ಕೋಣೆ ಬೇಗ ಕಾಯುತ್ತದೆ. ಜನರೇಟರ್ ಎತ್ತಿಕೊಳ್ಳುವವರೆಗೆ ಎಷ್ಟು ಡಿಗ್ರಿ ಏರಿತೆಂದು ಸ್ವಿಚ್‌ನ ಸೆನ್ಸರ್‌ನಿಂದಲೇ ಓದಿ ಗುರುತು ಹಾಕಿಕೊಳ್ಳಿ. ಚಿಕ್ಕಬಳ್ಳಾಪುರದ ಕ್ರಷರ್‌ಗಳ ಹತ್ತಿರವಾದರೆ ಕಲ್ಲುಧೂಳಿಗೆ ಬಾಗಿಲಲ್ಲಿ ಫಿಲ್ಟರ್ ಬೇಕೇ ಬೇಕು, ಖಾಲಿ ಪೋರ್ಟ್‌ಗಳಿಗೆ ಮುಚ್ಚಳ ಹಾಕಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಳಗಿನ ಸಿಪಿಯು ಯಾವುದೆಂದು ಕೇಳಿ. ಇಂಟೆಲ್ ಆಟಮ್ ಸಿ2000 ಸರಣಿಯ ಹಳೆಯ ಸ್ಟೆಪ್ಪಿಂಗ್‌ನಲ್ಲಿ (ಚಿಪ್‌ನ ತಯಾರಿ ಆವೃತ್ತಿಯಲ್ಲಿ) ಕ್ಲಾಕ್ ಸಿಗ್ನಲ್ ಕಾಲಕ್ರಮೇಣ ಸಾಯುವ ದೋಷ 2017ರಲ್ಲಿ ಬಹಿರಂಗವಾಯಿತು. ಅಗ್ಗಕ್ಕೆ ಸಿಗುವ 32 ಪೋರ್ಟಿನ ಸೆಲೆಸ್ಟಿಕಾ ಡಿಎಕ್ಸ್010 ಆ ಸಿಪಿಯುವಿನದೇ. ಓಡುತ್ತಿರುವಷ್ಟು ದಿನ ಸರಿಯಾಗಿದ್ದು, ಒಮ್ಮೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಏಳದೇ ಹೋಗಬಹುದು. ದುಡ್ಡು ಕೊಡುವ ಮುನ್ನ ಮಾರುವವರ ಎದುರಿಗೇ ವೈರ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಟ್ಟು, ಮೂರು ಸಲ ಆನ್ ಮಾಡಿಸಿ ನೋಡಿ.