ಎಪ್ಸನ್ ಎಲ್805: ಡಬ್ಬಿ ಮೇಲಿನ 5760 ಬೇರೆ, ಫೋಟೊದ 300 ಬೇರೆ

ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೊ, ಮದುವೆ, ತೊಟ್ಟಿಲು ಕಾರ್ಯಕ್ರಮ, ಬಿಡುವಿದ್ದಾಗ ಝೆರಾಕ್ಸ್. ಅಂಗಡಿಯಲ್ಲೇ ಹೊಡೆದು ಕೊಡುವ ಪ್ರಿಂಟ್‌ಗೆಲ್ಲ ಎಪ್ಸನ್ ಎಲ್805 ಪ್ರಿಂಟರ್. ಎ4 ಸೈಜಿನವರೆಗೆ ಬರುತ್ತದೆ, ಆರು ಬಣ್ಣದ ಇಂಕ್ ಟ್ಯಾಂಕ್. ಮಾಮೂಲಿ ನಾಲ್ಕರ ಜೊತೆ ತಿಳಿ ಸಯಾನ್ (ನೀಲಿ ಛಾಯೆ), ತಿಳಿ ಮೆಜೆಂಟಾ (ಗುಲಾಬಿ ಛಾಯೆ) ಇವೆ. ಮುಖದ ಫೋಟೊ ಹೊಡೆಯುವವರಿಗೆ ಈ ಎರಡು ತುಂಬಾ ಮುಖ್ಯ. ಹಣೆ, ಕೆನ್ನೆ ಮೇಲೆ ಚುಕ್ಕಿ ಚುಕ್ಕಿ ಕಾಣದೆ ನುಣ್ಣಗೆ ಬರುತ್ತದೆ.

ಡಬ್ಬಿ ಮೇಲೆ 5760 x 1440 ಡಿಪಿಐ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಗಿರಾಕಿಗಳ ತಕರಾರು ಅಲ್ಲಿಂದಲೇ ಶುರು. "ಅಣ್ಣಾರ, ಮಶೀನ್ ಅಷ್ಟು ಭಾರಿ ಐತಿ ಅಂತೀರಿ, ನನ್ನ ಫೋಟೊ ಯಾಕ ಮಸುಕ ಬಂತು?"

ಆ 5760 ಇಂಕಿನ ಲೆಕ್ಕ. ಒಂದು ಇಂಚಿನಲ್ಲಿ ಎಷ್ಟು ಕಡೆ ಹನಿ ಇಡಬಹುದು ಅನ್ನೋದು. ಫೋಟೊದ ಒಂದು ಪಿಕ್ಸೆಲ್, ಅಂದರೆ ಫೋಟೊ ಕಟ್ಟುವ ಒಂದು ಸಣ್ಣ ಚೌಕ, ಯಾವ ಬಣ್ಣವಾದರೂ ಇರಬಹುದು, ಆದರೆ ಪ್ರಿಂಟರ್ ಹತ್ತಿರ ಇರೋದು ಆರೇ ಇಂಕು. ಗೋಧಿ ಮೈಬಣ್ಣ ಬೇಕಾದರೆ ಹಳದಿ, ತಿಳಿ ಮೆಜೆಂಟಾ ಹನಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಬಿಳಿ ಪೇಪರ್ ಬಿಟ್ಟು ಕಣ್ಣನ್ನು ನಂಬಿಸಬೇಕು. ಒಂದು ಪಿಕ್ಸೆಲ್‌ಗೇ ಹತ್ತಾರು ಹನಿ ಹೋಗುತ್ತವೆ. ಹನಿಗೊಂದು ಪಿಕ್ಸೆಲ್ ಅಂತ ಲೆಕ್ಕ ಹಾಕಿದರೆ ಒಂದು ಎ4ಗೆ ಸುಮಾರು 80 ಕೋಟಿ ಪಿಕ್ಸೆಲ್ ಬೇಕು! ಅಂಥ ಕ್ಯಾಮೆರಾ ಹಿಡಿದು ಗವಿಮಠದ ಜಾತ್ರೆಗೆ ಬಂದವರನ್ನು ನಾನಂತೂ ನೋಡಿಲ್ಲ.

ಫೋಟೊದ ಲೆಕ್ಕ ಸರಳ. ಪಿಕ್ಸೆಲ್ಲನ್ನು ಇಂಚಿನಿಂದ ಭಾಗಿಸಿ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇಂಚಿಗೆ 300 ಬಂದರೆ ಚೆನ್ನ, 200 ಆದರೂ ನಡೆಯುತ್ತದೆ. ಎ4ಗೆ 300ರಂತೆ 2480 x 3508 ಆಯಿತು. 12 ಮೆಗಾಪಿಕ್ಸೆಲ್ ಫೋನಿನ ಫೋಟೊ 3000 x 4000 ಇರುತ್ತದೆ, ಧಾರಾಳ ಸಾಕು.

ಆದರೆ ಅದೇ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ 1200 x 1600ಕ್ಕೆ ಇಳಿಯುತ್ತದೆ. ಮೇಷ್ಟ್ರೊಬ್ಬರು ಇಟಗಿ ಮಹಾದೇವ ದೇವಸ್ಥಾನದ ಫೋಟೊ ಹೀಗೇ ಕಳಿಸಿದ್ದರು. 1112ರ ಗುಡಿ ಅದು, ಕಂಬಗಳನ್ನು ಕಡೆದ ನುಣುಪು ಈಗಲೂ ಹಾಗೇ ಇದೆ. ಎ4ಗೆ ಇಂಚಿಗೆ 137 ಪಿಕ್ಸೆಲ್ ಅಷ್ಟೇ ಸಿಕ್ಕಿತು. ಕಂಬದ ಬಳೆಗಳು ಒಂದಕ್ಕೊಂದು ಅಂಟಿ ಬೂದು ಪಟ್ಟಿಯಾಗಿದ್ದವು. ಪ್ರಿಂಟ್ ಕ್ವಾಲಿಟಿಯನ್ನು 'ಹೈ'ಗೆ ಹಾಕಿದೆ. ಟೈಮ್ ಜಾಸ್ತಿ ಹಿಡಿಯಿತು, ಪಟ್ಟಿ ಪಟ್ಟಿಯಾಗೇ ಉಳಿಯಿತು. "ಸರ್, ಡಾಕ್ಯುಮೆಂಟ್ ಅಂತ ಕಳಿಸ್ರೀ" ಅಂದೆ. ಮೂಲ ಫೈಲ್ ಬಂತು. 'ಸ್ಟ್ಯಾಂಡರ್ಡ್'ನಲ್ಲೇ ಹೊಡೆದೆ. ಬಳೆ ಬಳೆ ಬೇರೆಯಾಗಿ ಕಂಡವು, ನಡುವಿನ ಗೆರೆಯ ನೆರಳು ಕೂಡ. ಮಶೀನ್ ಅದೇ, ಪೇಪರ್ ಅದೇ.

ಹಾಗಂತ ವಾಟ್ಸ್ಆ್ಯಪ್ ಫೋಟೊ ಅಂದರೆ ಮುಖ ಸಿಂಡರಿಸಬೇಕಿಲ್ಲ. 4 x 6ಕ್ಕೆ ಅದರಲ್ಲೇ ಇಂಚಿಗೆ 266 ಸಿಗುತ್ತದೆ, ಆರಾಮಾಗಿ ಹೊಡೆದುಕೊಡುತ್ತೇನೆ. "ಫೋಟೊಶಾಪ್‌ನಲ್ಲಿ ಇಂಚಿಗೆ 72 ಇದ್ದದ್ದು 300 ಮಾಡ್ರೀ" ಅನ್ನುವವರೂ ಇದ್ದಾರೆ. ರೀಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆ ಬದಲಿಸುವ ಆಯ್ಕೆ) ಟಿಕ್ ತೆಗೆದು ಹಾಗೆ ಮಾಡಿದರೆ ಪ್ರಿಂಟಿನ ಇಂಚು ಕಡಿಮೆಯಾಗುತ್ತದೆ, ಪಿಕ್ಸೆಲ್ ಅಷ್ಟೇ ಇರುತ್ತದೆ. ಟಿಕ್ ಹಾಕಿದರೆ ಸಾಫ್ಟ್‌ವೇರ್ ಅಂದಾಜಿನ ಮೇಲೆ ಪಿಕ್ಸೆಲ್ ತುಂಬುತ್ತದೆ. ಇಲ್ಲದ ಬಳೆ ಅದೆಲ್ಲಿಂದ ತಂದೀತು?

ಇನ್ನು ಪೇಪರ್. ಗ್ಲಾಸಿ ಹಾಕಿ ಸೆಟ್ಟಿಂಗ್‌ನಲ್ಲಿ 'ಪ್ಲೇನ್' ಬಿಟ್ಟರೆ ಬಣ್ಣ ಕೆಡುತ್ತದೆ. ಪ್ಲೇನ್ ಪೇಪರಿನಲ್ಲಿ ಇಂಕು ಹರಡುತ್ತದೆ, ಅಲ್ಲಿ 5760 ಇದ್ದರೂ ಸುಮ್ನೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಇಂಕ್‌ಜೆಟ್ ಯಾವುದೇ ಇರಲಿ, ವಾರಗಟ್ಟಲೆ ಬಂದ್ ಇಡಬೇಡಿ. ಇಂಕು ಒಣಗಿ ನಾಝಲ್ (ಇಂಕು ಬರುವ ಸಣ್ಣ ತೂತು) ಕಟ್ಟುತ್ತದೆ.

ಮದುವೆ ಆಲ್ಬಮ್, 12 x 18 ಎಲ್ಲ ನಾನು ಈಗಲೂ ಲ್ಯಾಬ್‌ಗೇ ಕಳಿಸುತ್ತೇನೆ. ಅಲ್ಲಿನ ಲೇಸರ್ ಮಶೀನು ಇಂಚಿಗೆ 300ರ ಆಸುಪಾಸು ಅಷ್ಟೇ. ಆದರೂ ನುಣುಪಿಗೆ ಎಲ್805 ಅದರ ಸಮ ಬರೋದಿಲ್ಲ. ಅಲ್ಲಿ ಬೆಳಕಿನಿಂದ ಪೇಪರಿನಲ್ಲೇ ಬಣ್ಣ ಹುಟ್ಟುತ್ತದೆ, ಹನಿಗಳ ಆಟವೇ ಇಲ್ಲ. ಪಾಸ್‌ಪೋರ್ಟ್, 4 x 6, ಅರ್ಜೆಂಟ್ ಎ4 ಇಷ್ಟೇ ನಿಮ್ಮ ಕೆಲಸ ಅನ್ನುವುದಾದರೆ ಎಲ್805 ಧೈರ್ಯವಾಗಿ ತಗೊಳ್ಳಿ. ಹೊಸದೇ ಬೇಕು ಅನ್ನುವವರಿಗೆ ಇದರ ನಂತರದ ಎಲ್8050 ಇದೆ.