ಕರುಣಾಶ್ರಯ: ಮಾರತಹಳ್ಳಿಯ ಹಾಸ್ಪೈಸ್‌ನಲ್ಲಿ ಏನು ಸಿಗುತ್ತದೆ, ಯಾವಾಗ ಹೋಗಬೇಕು

ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯವರು ಮತ್ತು ಇಂದಿರಾನಗರದ ರೋಟರಿ ಕ್ಲಬ್‌ನವರು ಸೇರಿ 1994ರಲ್ಲಿ ಕಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ಸಂಸ್ಥೆ ಕರುಣಾಶ್ರಯ. ಮೊದಲು ಮನೆಮನೆಗೆ ಹೋಗಿ ಆರೈಕೆ ಮಾಡುತ್ತಿದ್ದರು. ಮಾರತಹಳ್ಳಿ ಬಳಿಯ ಕಟ್ಟಡ 1999ರಲ್ಲಿ ಶುರುವಾಯಿತು. ಹಾಸ್ಪೈಸ್ ಎಂದರೆ ಕಾಯಿಲೆ ವಾಸಿಯಾಗದವರ ನೋವು, ಸಂಕಟ ತಗ್ಗಿಸಿ ಕೊನೆಯವರೆಗೂ ಆರೈಕೆ ಮಾಡುವ ಜಾಗ. ಇದು ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗಾಗಿಯೇ ಇರುವ ಹಾಸ್ಪೈಸ್. ಹಾಸಿಗೆ, ಔಷಧಿ, ಊಟ, ಗಾಯದ ಡ್ರೆಸಿಂಗ್ ಯಾವುದಕ್ಕೂ ದುಡ್ಡಿಲ್ಲ. ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದ ಕಟ್ಟಡದಲ್ಲಿ ನಡುವೆ ನೀರಿನ ಕೊಳ, ಸುತ್ತ ಕಲ್ಲಿನ ಗೋಡೆ, ಗಿಡಮರ. ತಿಂಗಳುಗಟ್ಟಲೆ ಆಸ್ಪತ್ರೆಯ ಟ್ಯೂಬ್‌ಲೈಟ್ ನೋಡಿ ಬಂದ ರೋಗಿಗೆ ಇದು ಸಣ್ಣ ವಿಷಯವಲ್ಲ.

ಇಂಥ ಕಡೆಗೆ ಬರುವ ಕುಟುಂಬಗಳು ಹೆಚ್ಚಾಗಿ ತಡವಾಗಿ ಬರುತ್ತವೆ. ಸಾಯಲು ಬಿಟ್ಟುಬರುವ ಜಾಗ ಎಂದು ಹೆದರಿ ಕೊನೆಯ ಎರಡು ದಿನಕ್ಕೆ ಕರೆತಂದರೆ ಹಾಸ್ಪೈಸ್ ಮಾಡಬಲ್ಲ ಕೆಲಸದಲ್ಲಿ ಕಾಲುಭಾಗವೂ ಆಗುವುದಿಲ್ಲ. ನೋವನ್ನು ಹತೋಟಿಗೆ ತರಲು ಕೆಲವು ದಿನ ಬೇಕು. ‘ಇನ್ನು ಕೀಮೋ ಬೇಡ’ ಎಂದು ಡಾಕ್ಟರು ಹೇಳಿದ ವಾರವೇ, ರೋಗಿ ಇನ್ನೂ ಮಾತ್ರೆ ನುಂಗುತ್ತಿರುವಾಗಲೇ, ಫೋನ್ ಮಾಡಿ ಮಾತಾಡಬೇಕು. ನೋವು ಹಿಡಿತಕ್ಕೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ.

ನೋವಿಗೆ ಮುಖ್ಯ ಔಷಧಿ ಬಾಯಿಂದ ಕೊಡುವ ಮಾರ್ಫಿನ್, ಅಫೀಮಿನಿಂದ ಬರುವ ಬಲವಾದ ನೋವುನಿವಾರಕ. ‘ನೋವು ಬಂದಾಗ ಒಂದು’ ಎಂದು ಕೊಡುವ ಮಾತ್ರೆಯಲ್ಲ ಅದು. ಮಾರ್ಫಿನ್‌ನ ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಆದ್ದರಿಂದ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಗಡಿಯಾರ ನೋಡಿ ಕೊಡುತ್ತಾರೆ. ನಡುರಾತ್ರಿ ಎಬ್ಬಿಸುವುದು ಬೇಡವೆಂದು ಹಲವು ಸಲ ರಾತ್ರಿಯದ್ದನ್ನು ಎರಡರಷ್ಟು ಬರೆದಿರುತ್ತಾರೆ. ನಡುವೆ ನೋವು ಕೆರಳಿದರೆ ಕೊಡಲು ಬೇರೆ ಡೋಸ್ ಇರುತ್ತದೆ, ಅದನ್ನು ಕೊಟ್ಟ ಹೊತ್ತು ಬರೆದಿಟ್ಟರೆ ಮರುದಿನ ಡಾಕ್ಟರಿಗೆ ಪ್ರಮಾಣ ಹೊಂದಿಸುವುದು ಸುಲಭ. ವಾಕರಿಕೆ, ತೂಕಡಿಕೆ ಮೊದಲ ಕೆಲವು ದಿನ ಇದ್ದು ಸಾಮಾನ್ಯವಾಗಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಮಾರ್ಫಿನ್ ಶುರುವಾದ ದಿನದಿಂದಲೇ ಮಲ ಸಲೀಸಾಗಿ ಹೋಗಿಸುವ ಮಾತ್ರೆಯೂ ಶುರುವಾಗಬೇಕು. ಇದನ್ನು ಬಿಟ್ಟು ಐದು ದಿನ ಹೊಟ್ಟೆ ಕಟ್ಟಿ, ‘ಮಾರ್ಫಿನ್ ಆಗಿಬರಲಿಲ್ಲ’ ಎಂದು ನಿಲ್ಲಿಸಿ ಮತ್ತೆ ನೋವಿಗೆ ಬೀಳುವ ಮನೆಗಳಿವೆ. ಕಿಡ್ನಿ ಕೈಕೊಟ್ಟವರಲ್ಲಿ ಔಷಧಿ ದೇಹದಲ್ಲೇ ಉಳಿಯುತ್ತದೆ. ವಿಪರೀತ ಮಂಪರು, ಕೈಕಾಲು ಜರ್ಕ್ ಹೊಡೆಯುವುದು ಕಂಡರೆ ಮುಂದಿನ ಡೋಸ್‌ಗೆ ಮೊದಲು ಡಾಕ್ಟರಿಗೆ ಹೇಳಬೇಕು. ಚಟ ಹತ್ತುತ್ತದೆಂಬ ಹೆದರಿಕೆಗೆ ಈ ಹಂತದಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ತಂಬಾಕಿನಿಂದ ಬಾಯಿ, ಗಂಟಲಿನ ಕ್ಯಾನ್ಸರ್ ಬಹಳ. ಕೆನ್ನೆ ತೂತಾಗಿ ವಾಸನೆ ಬರುವ ಗಾಯದ ಕಾರಣಕ್ಕೆ ಮನೆಯವರೇ ಹತ್ತಿರ ಕೂರಲಾಗದೆ ಸಂಕಟಪಡುತ್ತಾರೆ. ಹಾಸ್ಪೈಸ್ ದಾದಿಯರ ನಿಜವಾದ ಪರಿಣತಿ ಕಾಣುವುದು ಇಲ್ಲೇ. ಹಳೆಯ ಡ್ರೆಸಿಂಗನ್ನು ಎಳೆಯುವುದಿಲ್ಲ, ಎಳೆದರೆ ರಕ್ತ ಒಸರುತ್ತದೆ. ಸಲೈನ್ (ಶುದ್ಧ ಉಪ್ಪುನೀರು) ಹಾಕಿ ನೆನೆಸಿ, ತಾನಾಗಿ ಬಿಟ್ಟುಕೊಳ್ಳುವವರೆಗೆ ಕಾಯುತ್ತಾರೆ. ತೊಳೆದು, ವಾಸನೆಗೆ ಕಾರಣವಾದ ಬ್ಯಾಕ್ಟೀರಿಯಾ ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿ, ಮೇಲೆ ಗಾಜ್ ಇಡುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ, ಮೊಮ್ಮಕ್ಕಳು ಮತ್ತೆ ಮಂಚದ ಬಳಿ ಬರುತ್ತಾರೆ. ಮನೆಯಲ್ಲಿ ಮಾಡುವವರು ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ಬಳಸಬಹುದು. ರಕ್ತಸ್ರಾವದ ಸಂಭವವಿದ್ದರೆ ಕಡುಬಣ್ಣದ ಒಂದು ಟವೆಲ್ ಕೈಗೆಟುಕುವಂತಿರಲಿ. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ರೋಗಿಗೆ ಭಯ ಹೆಚ್ಚು.

ಊಟದ ವಿಷಯದಲ್ಲೇ ಜಗಳ ಜಾಸ್ತಿ. ‘ಊಟ ಇಲ್ಲದೆ ಉಪವಾಸ ಕೆಡವಿದ್ದಾರೆ, ಡ್ರಿಪ್ ಆದರೂ ಹಾಕಿ’ ಎಂದು ನೆಂಟರು ಕೂಗಾಡುತ್ತಾರೆ. ಕೊನೆಯ ದಿನಗಳಲ್ಲಿ ದೇಹವೇ ಊಟ ಬೇಡವೆನ್ನುತ್ತದೆ. ಬಲವಂತದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಡ್ರಿಪ್‌ನಿಂದ ಕೈಕಾಲು ಊದಿ, ಕಫದ ಗೊರಗೊರ ಹೆಚ್ಚಬಹುದು. ಬಾಯಿ ಒಣಗದಂತೆ ನೋಡಿಕೊಂಡರೆ ನೆಮ್ಮದಿ ಸಿಗುತ್ತದೆ: ಒದ್ದೆ ಗಾಜ್‌ನಿಂದ ಒರೆಸುವುದು, ತುಟಿಗೆ ವ್ಯಾಸಲಿನ್. ತುಳಸಿ ನೀರು ಬಿಡುವ ಆಸೆಯಿದ್ದರೆ ತಲೆಯನ್ನು ಪಕ್ಕಕ್ಕೆ ವಾಲಿಸಿ, ಹತ್ತಿಯಲ್ಲಿ ಒಂದೆರಡು ಹನಿ ಸಾಕು.

ಇಲ್ಲಿ ಕೀಮೋ ಸಿಗುವುದಿಲ್ಲ, ವೆಂಟಿಲೇಟರ್ ಕೇಳಬಾರದು. ಅದನ್ನು ಕೊರತೆ ಎನ್ನುವುದು ತಪ್ಪು. ಆದರೆ ಮನೆಯವರೆಲ್ಲ ಇದನ್ನು ಒಪ್ಪಿರಬೇಕು. ಒಬ್ಬ ಮಗ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ನಡುರಾತ್ರಿ ಆಂಬುಲೆನ್ಸ್ ಕರೆಸಿ ಐಸಿಯುಗೆ ಸಾಗಿಸುವ ರಂಪವಾಗುತ್ತದೆ. ರೋಗಿಯೇ ತನ್ನ ಇಷ್ಟವನ್ನು ಇಬ್ಬರು ಸಾಕ್ಷಿಗಳೆದುರು ಬರೆದು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಡಲು 2023ರ ಸುಪ್ರೀಂ ಕೋರ್ಟ್ ಆದೇಶ ದಾರಿ ಸುಲಭ ಮಾಡಿದೆ. ‘ಕ್ಯಾನ್ಸರ್ ಅಂತ ಅವರಿಗೆ ಹೇಳಬೇಡಿ’ ಎನ್ನುವ ಮನೆಗಳಿಗೆ ಇದು ಕಷ್ಟ. ರೋಗಿಗೆ ಬಹುಮಟ್ಟಿಗೆ ಗೊತ್ತೇ ಇರುತ್ತದೆ. ಆ ಮಾತನ್ನು ಹೇಗೆ ಶುರುಮಾಡಬೇಕೆಂದು ಆಪ್ತಸಮಾಲೋಚಕರನ್ನು ಕೇಳಿ.

ಮನೆಯಲ್ಲೇ ಕೊನೆಯುಸಿರು ಎಂದು ತೀರ್ಮಾನಿಸಿದವರು ಸಾವಿನ ಕಾರಣದ ಪತ್ರಕ್ಕೆ ಯಾವ ಡಾಕ್ಟರು ಸಹಿ ಹಾಕುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಸಾವಿನ ನೋಂದಣಿಗೆ 21 ದಿನ ಗಡುವು. ಕ್ಯಾನ್ಸರ್ ಅಲ್ಲದೆ ಪಾರ್ಶ್ವವಾಯು, ಕಿಡ್ನಿ ವೈಫಲ್ಯ, ಮರೆವಿನ ಕಾಯಿಲೆಯ ರೋಗಿಗಳಾದರೆ ಬ್ಯಾಪ್ಟಿಸ್ಟ್ ಅಥವಾ ಸೇಂಟ್ ಜಾನ್ಸ್ ಆಸ್ಪತ್ರೆಯ ಉಪಶಾಮಕ ಆರೈಕೆ (ನೋವು, ಸಂಕಟ ತಗ್ಗಿಸುವ ಆರೈಕೆ) ವಿಭಾಗದಲ್ಲಿ ವಿಚಾರಿಸಬೇಕು.

ಕರುಣಾಶ್ರಯಕ್ಕೆ ಹೋಗುವಾಗ ಬಯಾಪ್ಸಿ ವರದಿ, ಇತ್ತೀಚಿನ ಡಿಸ್ಚಾರ್ಜ್ ಸಮ್ಮರಿ, ಕ್ಯಾನ್ಸರ್ ಡಾಕ್ಟರ ಪತ್ರ, ಆಧಾರ್ ಕಾರ್ಡ್ ತೆಗೆದುಕೊಳ್ಳಿ. ಈಗ ಕೊಡುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಚೀಟಿಯಲ್ಲಿ ಬರೆದದ್ದಕ್ಕೂ ಮನೆಯಲ್ಲಿ ಕೊಡುತ್ತಿರುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ.