ಮಾಂಟೆರೇ ಬ್ರೇಕ್‌ವಾಟರ್‌ನಲ್ಲಿ ಬೆಳಗಿನ ಡೈವ್, ಬಾಡಿಗೆ 7 ಎಂಎಂ ಸೂಟ್ ಹೇಗಿತ್ತು ಅಂತ
ಹೋದ ಶನಿವಾರ ಬೆಳಗ್ಗೆ ನಾನೂ ಪ್ರವೀಣನೂ ಕ್ಯಾಲಿಫೋರ್ನಿಯಾದ ಮಾಂಟೆರೇಲಿ ಬ್ರೇಕ್‌ವಾಟರ್ (ಅಲೆ ತಡೆಯೋ ಕಲ್ಲಿನ ಕಟ್ಟೆ) ಹತ್ರ, ಅಂದ್ರೆ ಸ್ಯಾನ್ ಕಾರ್ಲೋಸ್ ಬೀಚಿಂದ ಶೋರ್ ಡೈವ್ (ಬೋಟಿಲ್ಲದೆ ದಡದಿಂದಲೇ ಇಳಿಯೋ ಸ್ಕೂಬಾ ಡೈವ್) ಮಾಡಿದ್ವಿ. ಗೇರ್ ಪೂರ್ತಿ ಅದೇ ಊರಿನ ಒಂದು ಡೈವ್ ಶಾಪಿಂದ ಬಾಡಿಗೆಗೆ ತಗೊಂಡಿದ್ದು. ನನ್ ಥರ ಮುರುಡೇಶ್ವರದಿಂದ ಬೋಟಲ್ಲಿ ನೇತ್ರಾಣಿಗೆ ಹೋಗಿ ಡೈವಿಂಗ್ ಕಲ್ತು ಆಮೇಲೆ ಬೇ ಏರಿಯಾಗೆ ಬಂದವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ, ಯಾಕಂದ್ರೆ ಅಲ್ಲಿ ನೀರು ಬೆಚ್ಚಗಿರುತ್ತೆ, ತೆಳು ಸೂಟ್ ಸಾಕು, ಇಲ್ಲಿ ಪ್ರವೀಣನ ಡೈವ್ ಕಂಪ್ಯೂಟರ್ ತಳದಲ್ಲಿ 11 ಡಿಗ್ರಿ ತೋರಿಸ್ತು. ವಸಂತದಲ್ಲಿ ವಾಯವ್ಯದ ಗಾಳಿ ಮೇಲಿನ ನೀರನ್ನ ಹೊರಗೆ ತಳ್ಳುತ್ತೆ, ಅದರ ಜಾಗಕ್ಕೆ ಕೆಳಗಿಂದ ಕೊರೆಯೋ ನೀರು ಮೇಲೆ ಬರುತ್ತೆ, ಹಂಗಾಗಿ ಮೇಲೆ ಬಿಸಿಲಿದೆ ಅಂತ ನಂಬ್ಕೊಂಡು ಹೋಗ್ಬೇಡಿ.

ಮೊದಲು ಶಾಪ್ ಬಗ್ಗೆ. ನಾವು ಶುಕ್ರವಾರ ಸಂಜೇನೇ ಹೋಗಿ ಗೇರ್ ತಗೊಂಡ್ವಿ, ಬೆಳಗ್ಗೆ ಅವ್ರು ಬಾಗಿಲು ತೆಗೆಯೋ ಹೊತ್ತಿಗೆ ನಾವು ನೀರಲ್ಲಿರ್ಬೇಕಿತ್ತು. ಕೌಂಟರಲ್ಲಿದ್ದ ಮೇಡಂ ನನಗೆ ಅಂತ ಅರ್ಧ ಗಂಟೆ ಕೊಟ್ರು. ನಾನು ಕೇಳಿದ ಸೈಜಿನ 7 ಎಂಎಂ ದಪ್ಪದ ವೆಟ್‌ಸೂಟ್ ಹಾಕ್ಕೊಂಡ ಮೇಲೆ ಕುಕ್ಕರಗಾಲಲ್ಲಿ ಕೂರ್ಸಿದ್ರು, ಕೈ ಮೇಲೆತ್ತಿಸಿದ್ರು, ಆಮೇಲೆ ಸೊಂಟದ ಹಿಂದೆ ಬೆನ್ನು ಒಳಗೆ ಬಾಗಿರೋ ಕಡೆ ಬಟ್ಟೆ ಹಿಡಿದು ಎಳೆದು ನೋಡಿ, ಇಲ್ಲಿ ಜಾಗ ಉಳ್ದಿದೆ, ಪ್ರತಿ ಸಲ ಬಗ್ಗಿದಾಗ್ಲೂ ಹೊಸ ತಣ್ಣೀರು ಒಳಗೆ ಬರುತ್ತೆ ಅಂತ ಒಂದು ಸೈಜ್ ಚಿಕ್ಕದು ಕೊಟ್ರು. ಅದನ್ನ ಏರಿಸ್ಕೊಳ್ಳೋಕೆ ಬೆವರು ಇಳೀತು, ಆದ್ರೆ ಮಾರನೇ ದಿನ ನನ್ನ ಕಾಪಾಡಿದ್ದು ಅದೇ. ಹುಡ್ (ತಲೆಗೆ ಹಾಕೋ ಟೋಪಿ) ಅಂಚನ್ನ ಸೂಟಿನ ಕಾಲರ್ ಒಳಗೆ ಸೇರಿಸೋದನ್ನೂ ಅವ್ರೇ ತೋರಿಸ್ಕೊಟ್ರು. ಮುಳುಗೋಕೆ ಕಟ್ಕೊಳ್ಳೋ ತೂಕ 28 ಪೌಂಡ್ ಬೇಕಾಯ್ತು, ಸುಮಾರು 12.7 ಕೆಜಿ, ನೇತ್ರಾಣೀಲಿ ನಾನು 4 ಕೆಜಿ ಕಟ್ಕೋತಿದ್ದೆ!

ಬೆಳಗ್ಗೆ ಆರೂವರೆಗೆ ಪಾರ್ಕಿಂಗಲ್ಲಿ ಜಾಗ ಆರಾಮಾಗಿ ಸಿಕ್ತು. ಗಾಳಿ ಇನ್ನೂ ಎದ್ದಿರ್ಲಿಲ್ಲ, ಸಮುದ್ರ ಕೆರೆ ಥರ ಇತ್ತು, ಬಂಡೆಗಳ ಮೇಲೆ ಸೀ ಲಯನ್‌ಗಳ ಕೂಗು ಬಿಟ್ರೆ ಬೇರೆ ಸದ್ದಿಲ್ಲ. ಸೊಂಟದ ಮಟ್ಟ ನೀರಿಗೆ ಹೋಗಿ ಒಬ್ಬರ ಭುಜ ಒಬ್ಬರು ಹಿಡ್ಕೊಂಡು ಫಿನ್ಸ್ ಹಾಕ್ಕೊಂಡ್ವಿ. "ಮೊದ್ಲು ಮುಖ ಮುಳುಗಿಸಿ ಒಂದು ನಿಮಿಷ ಸುಮ್ನೆ ಉಸಿರಾಡು ಮಗಾ, ಆಮೇಲೆ ಇಳಿಯೋಣ" ಅಂದ ಪ್ರವೀಣ. ಹಣೆ ಸೀಳಿದ ಹಾಗೆ ನೋವು ಬಂತು, ಬೆನ್ನ ಜಿಪ್ಪಿಂದ ಒಂದು ಗೆರೆ ತಣ್ಣೀರು ಇಳೀತು, ಎರಡೂ ಎರಡ್ಮೂರು ನಿಮಿಷದಲ್ಲಿ ಹೋದ್ವು.

ಕೆಳಗೆ ಏನಿತ್ತು ಅಂತ ಹೇಳ್ಲೇಬೇಕು. ಕೆಲ್ಪ್ ಅನ್ನೋ ಉದ್ದನೆ ಕಡಲಪಾಚಿ ಅಡಿಕೆ ತೋಟದ ಥರ ತಳದಿಂದ ನೆಟ್ಟಗೆ ನಿಂತಿದೆ, ಪ್ರತಿ ಎಲೆಯ ಬುಡದಲ್ಲಿ ಗಾಳಿ ತುಂಬಿದ ಒಂದೊಂದು ಸಣ್ಣ ಬುರುಡೆ, ಮೇಲಿಂದ ಬೆಳಕು ಜೇನುತುಪ್ಪದ ಬಣ್ಣದಲ್ಲಿ ಸೋರ್ತಾ ಇದೆ. ಅದನ್ನ ದಾಟಿ 15 ಮೀಟರ್ ಆಳಕ್ಕೆ ಹೋದ್ರೆ ಮೆಟ್ರಿಡಿಯಂ ಅನ್ನೋ ಬಿಳಿ ಆನಿಮೋನಿಗಳ (ಹೂವಿನ ಥರ ಕಾಣೋ ಸಮುದ್ರ ಜೀವಿ) ರಾಶಿ, ಮೊಣಕಾಲೆತ್ತರದ ದಂಟು, ತುದೀಲಿ ಹೂಕೋಸು. ಒಂದರ ಹತ್ರ ಹೋಗಿ ಟಾರ್ಚ್ ಹಿಡಿದ್ರೆ ಹೂಕೋಸು ಅಂದ್ಕೊಂಡಿದ್ದು ಸಾವಿರಾರು ನೂಲಿನೆಳೆ, ನೀರು ಅಲ್ಲಾಡಿದ ಹಾಗೆ ಅಲ್ಲಾಡ್ತಿದ್ವು. ಮುಟ್ಬೇಡಿ, ಇದು 1992ರಿಂದ ರಕ್ಷಿತ ಸಮುದ್ರ ಪ್ರದೇಶ. ವಾಪಸ್ ಬರುವಾಗ ಒಂದು ಸೀ ಲಯನ್ ತಲೆಕೆಳಗಾಗಿ ಬಂದು ಪ್ರವೀಣನ ಮಾಸ್ಕ್ ಎದುರಿಗೆ ಒಂದು ಕ್ಷಣ ನಿಂತು ಹೋಯ್ತು, ಅವನು ನನ್ನ ಕೈ ಹಿಡಿದು ಅದುಮಿದ್ದು ಗ್ಲೌಸ್ ಮೇಲೂ ಗೊತ್ತಾಯ್ತು.

ಗ್ಲೌಸ್ ವಿಷಯಕ್ಕೆ ಬಂದ್ರೆ ಅಲ್ಲೇ ನನಗೆ ಬೇಜಾರಾಗಿದ್ದು. ಎಡಗೈ ಗ್ಲೌಸಿನ ಹೆಬ್ಬೆರಳ ಹೊಲಿಗೆ ಬಿಟ್ಟಿತ್ತು. ಆಳಕ್ಕೆ ಹೋದಷ್ಟೂ ಸೂಟಿನ ರಬ್ಬರ್, ಅಂದ್ರೆ ನಿಯೋಪ್ರೀನ್ ಒಳಗಿನ ಗಾಳಿಗುಳ್ಳೆ ಕುಗ್ಗಿ ಸೂಟ್ ತೆಳುವಾಗುತ್ತೆ, ತೇಲೋ ಶಕ್ತಿನೂ ಇಳಿಯುತ್ತೆ, ಆಗ ಬಿಸಿಡಿಗೆ (ಗಾಳಿ ತುಂಬಿ ತೇಲುವಿಕೆ ಸರಿಮಾಡ್ಕೊಳ್ಳೋ ಜಾಕೆಟ್) ಗಾಳಿ ತುಂಬ್ಬೇಕು, ಆ ಬಟನ್ ಒತ್ತೋದು ಅದೇ ಹೆಬ್ಬೆರಳು. 25 ನಿಮಿಷ ಆಗೋಷ್ಟರಲ್ಲಿ ಅದಕ್ಕೆ ಸ್ಪರ್ಶಾನೇ ಇರ್ಲಿಲ್ಲ. ಪ್ರವೀಣನಿಗೆ ಸನ್ನೆ ಮಾಡಿದ ತಕ್ಷಣ ಅವನು ಒಂದು ಪ್ರಶ್ನೆನೂ ಇಲ್ದೆ ತಿರುಗಿದ, 5 ಮೀಟರಲ್ಲಿ ಸುರಕ್ಷತೆಗೆ ಅಂತ ಮೂರು ನಿಮಿಷ ನಿಂತು 38ನೇ ನಿಮಿಷಕ್ಕೆ ಮೇಲೆ ಬಂದ್ವಿ. ಗೇರ್ ವಾಪಸ್ ಕೊಡುವಾಗ ತೋರಿಸ್ದೆ, ಶಾಪಿನವ್ರು ಕ್ಷಮೆ ಕೇಳಿ ಗ್ಲೌಸ್ ಬಾಡಿಗೆ ಬಿಟ್ರು, ಸೂಟನ್ನ ಅಷ್ಟು ಶ್ರದ್ಧೆಯಿಂದ ನೋಡಿದವ್ರು ಗ್ಲೌಸನ್ನೂ ಒಂದ್ಸಲ ತಿರುವಿ ನೋಡ್ಬೇಕಿತ್ತು.

ಐದಕ್ಕೆ ನಾಲ್ಕು ಕೊಡ್ತೀನಿ. ಸೂಟ್, ಟ್ಯಾಂಕ್, ಬಿಸಿಡಿ ಅಲ್ಲೇ ತಗೊಳ್ತೀನಿ, ಹುಡ್ ಗ್ಲೌಸ್ ಮಾತ್ರ ಸ್ವಂತದ್ದು ಕೊಂಡ್ಕೋತೀನಿ. ಇನ್ನೊಂದು, ಮನೆಯಿಂದ ಒಂದು ಕ್ಯಾನ್ ಬಿಸಿನೀರನ್ನ ಟವೆಲಲ್ಲಿ ಸುತ್ತಿ ಕಾರಲ್ಲಿಟ್ಕೊಳ್ಳಿ. ಪ್ರವೀಣ ತಂದಿದ್ದ. ದಡಕ್ಕೆ ಬಂದ ಮೇಲೆ "ಕುತ್ತಿಗೆ ಬಗ್ಸು" ಅಂತ ಅದನ್ನ ಸೂಟಿನ ಒಳಗೆ ಸುರಿದ, ಬೆನ್ನಿಂದ ಹಿಮ್ಮಡಿವರೆಗೂ ನಿಧಾನಕ್ಕೆ ಬಿಸಿ ಇಳೀತು, ದೀಪಾವಳಿ ದಿನ ಅಮ್ಮ ಎಣ್ಣೆ ಹಚ್ಚಿ ಮೊದಲ ಚೊಂಬು ಸುರಿದ ಹಾಗೆ.